ಜರಡಿಗೆ ಮಸಿ, ಜೇಬಿಗೆ ಬಿಸಿ

ಕಾರ್ಖಾನೆಯಿಂದ ಕಬ್ಬಿನ ಬಿಲ್ ಜಮಾ ಆಯಿತೆಂದರೆ ನಮ್ಮ ಕಡೆ ಎರಡು ಮಾತುಕತೆ ಒಟ್ಟಿಗೇ ಶುರುವಾಗುತ್ತವೆ. ಒಂದು ಮದುವೆಯದು, ಇನ್ನೊಂದು ಕಾರಿನದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಯಾವ ತಾಲ್ಲೂಕಿನ ಹಳ್ಳಿಗೆ ಹೋದರೂ ಗುಡಿಯ ಮುಂದೆ ಎಂ.ಎಚ್. 09 ಇಲ್ಲವೇ ಎಂ.ಎಚ್. 10 ನಂಬರಿನ ಒಂದೆರಡು ಗಾಡಿ ನಿಂತಿರುತ್ತವೆ. ಮೊದಲನೆಯದು ಕೊಲ್ಹಾಪುರದ್ದು, ಎರಡನೆಯದು ಸಾಂಗ್ಲಿಯದು. ಗಡಿ ದಾಟಿ ಹಳೇ ಕಾರು ನೋಡಲು ಹೋದ ನಮ್ಮವರ ಕಣ್ಣು ಮೊದಲು ಬೀಳುವುದು ಡೀಸೆಲ್ ಗಾಡಿಯ ಮೇಲೆಯೇ.

ಅದಕ್ಕೆ ಕಾರಣವೂ ಇದೆ. ಟ್ರ್ಯಾಕ್ಟರ್, ಪಂಪ್‌ಸೆಟ್ಟು, ಟೆಂಪೊ ನೋಡುತ್ತ ಬೆಳೆದ ನಮಗೆ ಡೀಸೆಲ್ ಎಂದರೆ ಗಟ್ಟಿ ಎಂಬ ನಂಬಿಕೆ. ಮೇಲಾಗಿ 2012ರ ಮೇ ತಿಂಗಳಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ 30 ರೂಪಾಯಿಗಿಂತ ಹೆಚ್ಚಿನ ಅಂತರವಿತ್ತು. ಆಗ ಡೀಸೆಲ್ ಕಾರು ಕೊಂಡವನೇ ಜಾಣ. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ತನ್ನ ಹಿಡಿತ ಬಿಟ್ಟಿತು, ಅಂತರ ಕರಗುತ್ತ ಬಂತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಬಂತು. ಮಾರುತಿ ಕಂಪನಿ ಆಗಲೇ ಡೀಸೆಲ್ ಕಾರು ಮಾಡುವುದನ್ನು ನಿಲ್ಲಿಸಿತು. ಕಾಲ ಬದಲಾಯಿತು, ನಮ್ಮ ನಂಬಿಕೆ ಮಾತ್ರ ಅಲ್ಲೇ ಉಳಿಯಿತು.

ಕುಡಚಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಭಾವ ಹೋದ ವರ್ಷ ಇಂಥದೇ ಒಂದು ಬಿ.ಎಸ್. 6 ಡೀಸೆಲ್ ಗಾಡಿ ತಂದರು. ಬಣ್ಣ ಚೆಂದ, ಸೀಟು ಚೆಂದ, ಓಡಿದ್ದೂ ಕಡಿಮೆ. ಮನೆಯಿಂದ ಹೊಲಕ್ಕೆ ಮೂರು ಕಿಲೋಮೀಟರ್, ಹೊಲದಿಂದ ಸಂತೆಗೆ ನಾಲ್ಕು. ದಿನಾ ಇಷ್ಟೇ ಓಡಾಟ. ಹೊಲದ ಬದುವಿನಲ್ಲಿ ನಿಂತು ಯಾರೊಡನೆಯೋ ಮಾತಾಡುವಾಗಲೂ ಎಸಿ ಸಲುವಾಗಿ ಎಂಜಿನ್ ಚಾಲೂ. ನಾಲ್ಕು ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿತು. ಗಾಡಿ ಓಡುತ್ತಲೇ ಇತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ರಾತ್ರಿ ಭಾವನ ತಾಯಿಗೆ ಉಸಿರಾಟದ ತೊಂದರೆ ಹೆಚ್ಚಾಯಿತು. ಮಿರಜದ ಆಸ್ಪತ್ರೆಗೆಂದು ಹೊರಟರು. ಉಗಾರ ದಾಟುವಷ್ಟರಲ್ಲಿ ಗಾಡಿ ಬಲ ಕಳೆದುಕೊಂಡಿತು. ಎಷ್ಟು ಒತ್ತಿದರೂ ವೇಗ ನಲವತ್ತರ ಮೇಲೆ ಏರದು. ಕೊನೆಗೆ ದಾರಿಯಲ್ಲಿ ಸಿಕ್ಕ ಪರಿಚಯದವರ ಟೆಂಪೊದಲ್ಲಿ ಆಯಿಯನ್ನು ಮಲಗಿಸಿ ಕರೆದೊಯ್ದರು. ಆಯಿ ಉಳಿದರು. ಆದರೆ ಆ ಅರ್ಧ ತಾಸು ಅಕ್ಕನ ಕೈ ಹೇಗೆ ನಡುಗುತ್ತಿತ್ತು ಎಂಬುದನ್ನು ಅವಳು ಇವತ್ತಿಗೂ ಹೇಳುತ್ತಾಳೆ. ಗಾಡಿ ರಿಪೇರಿಗೆ ಹೋದ 38 ಸಾವಿರ ರೂಪಾಯಿ ಮಗಳ ಹಾಸ್ಟೆಲ್ ಫೀಗೆಂದು ಎತ್ತಿಟ್ಟ ದುಡ್ಡು.

ಆ ಮಗಳೇ ನನ್ನನ್ನು ಕೇಳಿದ್ದು: "ಮಾಮಾ, ಅಜ್ಜಾನ ಹಳೇ ಜೀಪ್ ನಾಕ ಮಂದಿ ದೂಡಿದ್ರ ಚಾಲೂ ಆಕ್ಕಿತ್ತಂತ. ಇದ್ಯಾಕ ಒಂದ ದೀಪ ಹತ್ತಿದ್ದಕ್ಕ ಹಿಂಗ ಮಾಡ್ತೈತಿ?"

ಪ್ರಶ್ನೆ ಚಲೋ ಇತ್ತು. ನಿಮ್ಮ ಮನೆಯ ಮಕ್ಕಳೂ ಕೇಳಬಹುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಜ್ಜನ ಜೀಪಿನ ಹೊಗೆ ಕೊಳವೆಯಲ್ಲಿ ಹೊಗೆಗೆ ಯಾವ ತಡೆಯೂ ಇರಲಿಲ್ಲ. ಎಂಜಿನ್ ಸುಟ್ಟ ಮಸಿಯೆಲ್ಲ ನೇರ ಹೊರಕ್ಕೆ, ಹಿಂದೆ ಬರುವವನ ಮುಖಕ್ಕೆ. ಡೀಸೆಲ್ ಕಾರು ಒಂದು ಕಿಲೋಮೀಟರ್ ಓಡಿದರೆ ಬಿ.ಎಸ್. 4 ನಿಯಮದಂತೆ 25 ಮಿಲಿಗ್ರಾಂವರೆಗೆ ಮಸಿ ಬಿಡಬಹುದಿತ್ತು. ಬಿ.ಎಸ್. 6ರಲ್ಲಿ ಅದು 4.5 ಮಿಲಿಗ್ರಾಂಗೆ ಇಳಿಯಿತು. ಅಷ್ಟು ಕಡಿಮೆ ಮಾಡಲು ಹೊಗೆ ಹೋಗುವ ದಾರಿಯಲ್ಲಿ ಜೇನುಗೂಡಿನಂಥ ಒಂದು ಜರಡಿ ಇಟ್ಟರು. ಅದರ ಹೆಸರು ಡಿಪಿಎಫ್. ಮನೆಯಲ್ಲಿ ಚಹಾ ಸೋಸುವ ಜಾಳಿಗೆ ಇದ್ದಂತೆ. ಜಾಳಿಗೆಯ ಗಸಿಯನ್ನು ನಾವು ಕೊಡವುತ್ತೇವೆ. ಕಾರು ತನ್ನ ಗಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಸುಡಬೇಕಾದರೆ ಜರಡಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾಯಬೇಕು. ಅಷ್ಟು ಕಾವು ಬರುವುದು ಒಂದೇ ಹದದ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಿದಾಗ. ಮೂರು ಕಿಲೋಮೀಟರ್‌ನಲ್ಲಿ ಎಂಜಿನ್ನೇ ಸರಿಯಾಗಿ ಕಾಯುವುದಿಲ್ಲ, ಜರಡಿ ಎಲ್ಲಿಂದ ಕಾಯಬೇಕು? ಮಸಿ ತುಂಬುತ್ತ ಹೋಗುತ್ತದೆ. ಕೊನೆಗೆ ಎಂಜಿನ್ ಹಾಳಾಗದಿರಲೆಂದು ಕಂಪ್ಯೂಟರೇ ಬಲ ಕಡಿಮೆ ಮಾಡಿಬಿಡುತ್ತದೆ. ಉಗಾರದ ಹತ್ತಿರ ಆದದ್ದು ಅದೇ.

ಇನ್ನೊಂದು ಸಂಗತಿ. ಮಸಿ ಸುಡಲೆಂದು ಎಷ್ಟೋ ಗಾಡಿಗಳಲ್ಲಿ ಎಂಜಿನ್ ಸ್ವಲ್ಪ ಹೆಚ್ಚು ಡೀಸೆಲ್ ಚಿಮ್ಮಿಸುತ್ತದೆ. ಆ ಕೆಲಸ ನಡುವೆ ನಡುವೆ ನಿಂತರೆ ಉರಿಯದೆ ಉಳಿದ ಡೀಸೆಲ್ ಕೆಳಗಿಳಿದು ಆಯಿಲ್‌ಗೆ ಬೆರೆಯುತ್ತದೆ. ಆಯಿಲ್ ತೆಳುವಾದರೆ ಟರ್ಬೊ ಮತ್ತು ಬೇರಿಂಗ್ ಸವೆಯುತ್ತವೆ. ಎಂಜಿನ್ನಿಗೆ ಡೀಸೆಲ್ ಚಿಮ್ಮುವ ಇಂಜೆಕ್ಟರೂ ಬಲು ಸೂಕ್ಷ್ಮ. ಈಗಿನ ಗಾಡಿಗಳಲ್ಲಿ ಅದು 1,600 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅಂದರೆ ಕಾರಿನ ಟೈರಿನ ಗಾಳಿಯ ಒತ್ತಡದ ಸುಮಾರು ಏಳುನೂರು ಪಟ್ಟು. ಡಬ್ಬಿಯಲ್ಲಿ ತುಂಬಿಟ್ಟ ಡೀಸೆಲ್‌ನ ನೀರು, ಕಸ ಅಜ್ಜನ ಜೀಪಿಗೆ ಅಷ್ಟಾಗಿ ತಾಗುತ್ತಿರಲಿಲ್ಲ. ಇದಕ್ಕೆ ವಿಷ.

ಹಾಗಾದರೆ ಹೊಸ ಕಾಲದ ಡೀಸೆಲ್ ಕಾರು ಕೆಟ್ಟದ್ದೇ? ಅಲ್ಲ. ನಿಪ್ಪಾಣಿಯಿಂದ ಪುಣೆ–ಬೆಂಗಳೂರು ಹೆದ್ದಾರಿ ಹಿಡಿದು ವಾರಕ್ಕೆ ಎರಡು ಸಲ ಬೆಳಗಾವಿಗೋ ಪುಣೆಗೋ ಹೋಗುವ ವ್ಯಾಪಾರಿಗೆ ಇದರಷ್ಟು ಚಲೋ ಗಾಡಿ ಇಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಮೊದಲ ಎರಡನೇ ಗೇರಿನಲ್ಲೇ ತೆವಳುವ ನಮ್ಮ ಹಳ್ಳಿ ದಾರಿಗೆ ಅದು ಹೊಂದುವುದಿಲ್ಲ, ಅಷ್ಟೇ.

ಲೆಕ್ಕ ಹಾಕಿ ನೋಡೋಣ. ಡೀಸೆಲ್ ಲೀಟರಿಗೆ 91 ರೂಪಾಯಿ, ಗಾಡಿ 20 ಕಿಲೋಮೀಟರ್ ಕೊಡುತ್ತದೆ ಅಂದುಕೊಳ್ಳಿ. ಪೆಟ್ರೋಲ್ 103 ರೂಪಾಯಿ, ಗಾಡಿ 16 ಕೊಡುತ್ತದೆ ಅಂದುಕೊಳ್ಳಿ. ಕಿಲೋಮೀಟರಿಗೆ ಉಳಿಯುವುದು ಎರಡು ರೂಪಾಯಿಗೂ ಕಡಿಮೆ. ವರ್ಷಕ್ಕೆ 20 ಸಾವಿರ ಕಿಲೋಮೀಟರ್ ಓಡಿಸುವವನಿಗೆ ಸುಮಾರು 38 ಸಾವಿರ ಉಳಿತಾಯ, ಒಳ್ಳೆಯದೇ. ಆರು ಸಾವಿರ ಕಿಲೋಮೀಟರ್ ಓಡಿಸುವವನಿಗೆ ಉಳಿಯುವುದು 11 ಸಾವಿರ ಮಾತ್ರ. ಭಾವನ ಒಂದೇ ರಿಪೇರಿ ಮೂರು ವರ್ಷದ ಉಳಿತಾಯವನ್ನು ನುಂಗಿತು. ಜರಡಿಯನ್ನೇ ಬದಲಿಸಬೇಕಾಗಿದ್ದರೆ ಇನ್ನೂ ದೊಡ್ಡ ಮೊತ್ತವಾಗುತ್ತಿತ್ತು.

ರಿಪೇರಿ ಹೊತ್ತಿನಲ್ಲಿ ಒಬ್ಬರು ಭಾವನಿಗೆ ಸುಲಭದ ದಾರಿ ತೋರಿಸಿದರು. "ಒಳಗಿನ ಜಾಳಿಗಿ ತಗದ ಒಗದಬಿಡ್ರಿ ಸಾಹೇಬ್ರ, ಮತ್ತ ತ್ರಾಸ ಇಲ್ಲ." ಭಾವ ಒಪ್ಪುವುದರಲ್ಲಿದ್ದರು, ಅಕ್ಕ ಬಿಡಲಿಲ್ಲ. ಕಂಪನಿ ಕೂಡಿಸಿದ ಮಾಲಿನ್ಯ ತಡೆಯುವ ಭಾಗವನ್ನು ಕೀಳುವುದು ಕಾನೂನಿಗೆ ವಿರುದ್ಧ, ಅದು ಒಂದು ಮಾತು. ಅದಕ್ಕಿಂತ ದೊಡ್ಡ ಮಾತು ಆ ಮಸಿ ಎಲ್ಲಿಗೆ ಹೋಗುತ್ತದೆ ಎಂಬುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಉಸಿರಾಟದ ತೊಂದರೆಯಿರುವ ಆಯಿ ಅಂಗಳದಲ್ಲೇ ಕೂರುತ್ತಾರೆ, ಕಾರು ನಿಲ್ಲುವುದೂ ಅಂಗಳದಲ್ಲೇ. ಅಕ್ಕ ಅದನ್ನೇ ಹೇಳಿದಳು. ಭಾವ ಜರಡಿ ತೊಳೆಸಿ, ಆಯಿಲ್ ಬದಲಿಸಿ ತಂದರು.

ಇನ್ನು ಕೊಳ್ಳುವವರಿಗೆ ನಾಲ್ಕು ಮಾತು. ಗಾಡಿ ನೋಡಲು ಬೆಳಿಗ್ಗೆ ಹೋಗಿ, ಎಂಜಿನ್ ಮುಟ್ಟಿ ತಣ್ಣಗಿದೆಯೇ ನೋಡಿ, ಆಮೇಲೆ ಚಾಲೂ ಮಾಡಿಸಿ. ಮೊದಲೇ ಕಾಯಿಸಿಟ್ಟ ಗಾಡಿ ತನ್ನ ರೋಗ ಹೇಳುವುದಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿ, ಮೇಲಿನ ಗೆರೆಗಿಂತ ಹೆಚ್ಚಿದ್ದು ಡೀಸೆಲ್ ವಾಸನೆ ಬಂದರೆ ಅಲ್ಲೇ ಬಿಟ್ಟು ಬನ್ನಿ. ನಿಮ್ಮದೇ ಮೆಕ್ಯಾನಿಕ್ಕನನ್ನು ಕರೆದೊಯ್ದು ಸ್ಕ್ಯಾನರ್ ಹಚ್ಚಿಸಿ, ಜರಡಿಯಲ್ಲಿ ಎಷ್ಟು ಮಸಿ ಇದೆ, ಜರಡಿ ಇದೆಯೋ ಇಲ್ಲವೋ ಕೇಳಿ. 2019 ಮತ್ತು 2021ರ ಮಹಾಪೂರದಲ್ಲಿ ಕೃಷ್ಣೆ, ಪಂಚಗಂಗೆಯ ನೀರು ಎಷ್ಟೋ ಗಾಡಿಗಳನ್ನು ಮುಳುಗಿಸಿತ್ತು. ಸೀಟ್ ಬೆಲ್ಟ್ ಪೂರ್ತಿ ಎಳೆದು ತುದಿಯಲ್ಲಿ ಕೆಸರಿನ ಕಲೆ ಇದೆಯೇ, ಸೀಟಿನ ಕೆಳಗಿನ ಕಬ್ಬಿಣ ತುಕ್ಕು ಹಿಡಿದಿದೆಯೇ ನೋಡಿ. ಮಹಾರಾಷ್ಟ್ರದ ಗಾಡಿಯಾದರೆ ಅಲ್ಲಿಯ ಆರ್‌ಟಿಓದಿಂದ ಎನ್‌ಓಸಿ ಬೇಕು, ಫಾರ್ಮ್ 29 ಮತ್ತು 30ಕ್ಕೆ ಸಹಿ ಬೇಕು. ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಕೆ.ಎ. 23ಕ್ಕೋ ನಿಮ್ಮ ಆರ್‌ಟಿಓ ನಂಬರಿಗೋ ಬದಲಿಸಿಕೊಳ್ಳಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಈ ಖರ್ಚನ್ನು ಕಾರಿನ ಬೆಲೆಗೆ ಕೂಡಿಸಿಯೇ ಚೌಕಾಸಿ ಮಾಡಿ.

ಈಗಾಗಲೇ ತಂದಿದ್ದರೆ ಭಯ ಬೇಡ. ಜರಡಿಯ ದೀಪ ಹತ್ತಿದ ದಿನವೇ ಗಾಡಿಯ ಪುಸ್ತಕ ತೆಗೆದು ಓದಿ, ಅದರಲ್ಲಿ ಹೇಳಿದ ವೇಗದಲ್ಲಿ ಖಾಲಿ ಹೆದ್ದಾರಿಯ ಮೇಲೆ ನಿಲ್ಲಿಸದೆ ಓಡಿಸಿ. ದೀಪ ಮಿಣುಕತೊಡಗಿದರೆ ಅಥವಾ ಬಲ ಕಡಿಮೆಯಾದರೆ ಓಡಿಸುವ ಸಾಹಸ ಬೇಡ, ಗ್ಯಾರೇಜಿಗೆ ಒಯ್ಯಿರಿ. ಆಯಿಲ್ ಕೂಡ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿಸಿ, ಟ್ರ್ಯಾಕ್ಟರಿಗೆ ತಂದಿಟ್ಟದ್ದು ಬೇಡ.

ಮುಂದಿನ ಬಿಲ್ ಬರುವ ಮೊದಲು ಮನೆಯ ಮಕ್ಕಳಿಗೆ ಒಂದು ಕೆಲಸ ಕೊಡಿ. ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ತಿಂಗಳು ಮನೆಯವರು ದಿನಾ ಎಲ್ಲಿಗೆ ಹೋದರು, ಎಷ್ಟು ಕಿಲೋಮೀಟರ್ ಎಂದು ಬರೆಯಲಿ. ತಿಂಗಳ ಕೊನೆಗೆ ಕೂಡಿಸಿ ಅಪ್ಪನಿಗೆ ತೋರಿಸಲಿ. ಅರ್ಧಕ್ಕಿಂತ ಹೆಚ್ಚು ದಿನ ಹತ್ತು ಕಿಲೋಮೀಟರಿನೊಳಗೇ ಮುಗಿದಿದ್ದರೆ ಅಪ್ಪ ಪೆಟ್ರೋಲ್ ಗಾಡಿ ನೋಡಲಿ.