‘ನಿಯಂತ್ರಣ ತಪ್ಪಿ’ ಅಂತ ಬರೆದು ಕೈ ತೊಳೆದುಕೊಂಡೆವು

ಚಾರ್ಮಾಡಿ ಘಾಟಿಯಲ್ಲಿ ಬೈಕ್ ಬಿದ್ದರೆ ಬರೆಯಲಿಕ್ಕೆ ನಮ್ಮ ಹತ್ತಿರ ಒಂದು ಅಚ್ಚು ರೆಡಿ ಇರುತ್ತದೆ. ‘ಸವಾರನ ನಿಯಂತ್ರಣ ತಪ್ಪಿದ ಬೈಕ್ ತಡೆಗೋಡೆಗೆ ಡಿಕ್ಕಿ ಹೊಡೆದು…’ ಹೆಸರು, ಊರು, ವಯಸ್ಸು, ಆಸ್ಪತ್ರೆ ತುಂಬಿದರೆ ನಾಲ್ಕು ಸಾಲಿನ ಸುದ್ದಿ ಮುಗಿಯಿತು. ಡೆಸ್ಕ್‌ನವರು ಏನೂ ಕೇಳುವುದಿಲ್ಲ. ನಾವೂ ಕೇಳಿಕೊಳ್ಳುವುದಿಲ್ಲ.

ಹೋದ ಸಲ ಅದೇ ಅಚ್ಚಿನಲ್ಲಿ ಒಬ್ಬ ಹುಡುಗನ ಸುದ್ದಿ ಕಳಿಸಿದೆವು. ಹೆಗಲ ಮೂಳೆ ಮುರಿದಿತ್ತು, ಜೀವಕ್ಕೆ ಅಪಾಯ ಇರಲಿಲ್ಲ. ಮರುದಿನ ಅವನ ಅಪ್ಪ ಫೋನ್ ಮಾಡಿದರು. ಬೈಯಲಿಲ್ಲ. ‘ಮಾರಾಯ್ರೇ, ನಿಯಂತ್ರಣ ತಪ್ಪಿದ್ದು ಹೌದು. ಯಾಕೆ ತಪ್ಪಿತು ಅಂತ ಒಂದು ಮಾತು ವಿಚಾರಿಸಿದ್ರಾ?’ ಅಂತ ಕೇಳಿದರು.

ವಿಚಾರಿಸಿರಲಿಲ್ಲ. ಆಮೇಲೆ ಹೋಗಿ ವಿಚಾರಿಸಿದೆವು. ಈ ಬರಹ ಅದರ ಫಲ.

ಹುಡುಗ ಮೂಡಿಗೆರೆ ಕಡೆಯವನು, ಓದುವುದು ಉಜಿರೆಯಲ್ಲಿ. ಪ್ರತಿ ಸೋಮವಾರ ಬೆಳಿಗ್ಗೆ ಘಾಟಿ ಇಳಿಯುತ್ತಾನೆ, ಶನಿವಾರ ಹತ್ತುತ್ತಾನೆ. ಇರುವುದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ ಬೈಕ್. ತಿರುವಿಗೆ ಮೊದಲು ಗೇರ್ ಇಳಿಸಿದಾಗಲೆಲ್ಲ ಹಿಂದಿನ ಚಕ್ರ ‘ಕುಯ್ ಕುಯ್’ ಅಂತ ಜಾರುತ್ತಿತ್ತಂತೆ. ಯೂಟ್ಯೂಬ್‌ನಲ್ಲಿ ಹುಡುಕಿದ, ಸ್ಲಿಪ್ಪರ್ ಕ್ಲಚ್ ಹಾಕಿಸು ಅಂತ ಉತ್ತರ ಸಿಕ್ಕಿತು. ಕಾಫಿ ಕೊಯ್ಲಿನಲ್ಲಿ ದುಡಿದ ದುಡ್ಡಿನಿಂದ ಆನ್‌ಲೈನಿನಲ್ಲಿ ಕಿಟ್ ತರಿಸಿ ಊರಿನ ಗ್ಯಾರೇಜಿನಲ್ಲಿ ಹಾಕಿಸಿದ. ಬಿದ್ದದ್ದು ಅದಾಗಿ ಎರಡು ವಾರಕ್ಕೆ.

ಕೊಟ್ಟಿಗೆಹಾರದ ಚಹಾ ಅಂಗಡಿಯಲ್ಲಿ ಈ ವಿಷಯ ಎತ್ತಿದರೆ ತೀರ್ಪು ಮೊದಲೇ ಬಂದಿರುತ್ತದೆ. ‘ಶೋಕಿ! ಕಂಪನಿ ಕೊಟ್ಟದ್ದು ಸಾಲಲಿಲ್ಲವಾ ಇವಕ್ಕೆ?’ ಸೈಲೆನ್ಸರ್ ಕಿತ್ತು ಊರೆಲ್ಲ ಎಬ್ಬಿಸುವವರನ್ನು ಕಂಡು ಬೇಸತ್ತವರು ಹೀಗೆ ಹೇಳುವುದರಲ್ಲಿ ಆಶ್ಚರ್ಯವಿಲ್ಲ, ಅವರ ಸಿಟ್ಟು ನಮಗೂ ಇದೆ. ಆದರೆ ಸ್ಲಿಪ್ಪರ್ ಕ್ಲಚ್ಚನ್ನು ಆ ಸಾಲಿಗೆ ಸೇರಿಸುವುದು ತಪ್ಪು. ಅದು ಹೊರಗೆ ಕಾಣುವುದಿಲ್ಲ, ಸದ್ದೂ ಮಾಡುವುದಿಲ್ಲ. ಎಂಜಿನ್ನಿನ ಹೊಟ್ಟೆಯೊಳಗೆ ಎಣ್ಣೆಯಲ್ಲಿ ಮುಳುಗಿಕೊಂಡು ಇರುತ್ತದೆ. ಯಾರಿಗೂ ತೋರಿಸಲಾಗದ ವಸ್ತುವಿಗೆ ದುಡ್ಡು ಸುರಿಯುವುದು ಎಂಥ ಶೋಕಿ?

ಅದು ಮಾಡುವ ಕೆಲಸ ಏನು ಅಂತ ನೋಡೋಣ. ನೀವು ಇಳಿಜಾರಿನಲ್ಲಿ ಜೋರಾಗಿ ಬರುತ್ತಿದ್ದೀರಿ, ಎದುರಿಗೆ ತಿರುವು. ಮುಂದಿನ ಬ್ರೇಕ್ ಹಿಡಿದಿರಿ. ಗಾಡಿಯ ಭಾರ ಮುಂದಿನ ಚಕ್ರಕ್ಕೆ ಹೋಯಿತು, ಹಿಂದಿನ ಚಕ್ರ ಹಗುರವಾಯಿತು. ಅದೇ ಹೊತ್ತಿಗೆ ಐದನೇ ಗೇರಿನಿಂದ ಎರಡಕ್ಕೆ ಟಕಟಕ ಇಳಿಸಿ ಕ್ಲಚ್ ಬಿಟ್ಟಿರಿ. ಚಕ್ರ ಜೋರಾಗಿ ತಿರುಗುತ್ತಿದೆ, ಎಂಜಿನ್ ನಿಧಾನವಾಗಿದೆ. ಈಗ ಚಕ್ರವೇ ಎಂಜಿನ್ನನ್ನು ಎಳೆದು ತಿರುಗಿಸಬೇಕು, ಎಂಜಿನ್ ಹಟ ಹಿಡಿಯುತ್ತದೆ. ಹಗುರವಾದ ಚಕ್ರ ಟಾರಿನ ಮೇಲೆ ಕುಪ್ಪಳಿಸುತ್ತದೆ, ಇಲ್ಲವೇ ಜಾರುತ್ತದೆ. ಮಳೆ ಬಿದ್ದ ರಸ್ತೆಯಾದರೆ ಕೇಳುವುದೇ ಬೇಡ.

ಸೈಕಲ್ಲಿನ ಫ್ರೀವೀಲ್ ನೆನಪಿಸಿಕೊಳ್ಳಿ. ಪೆಡಲ್ ತುಳಿದರೆ ಚಕ್ರ ಹೋಗುತ್ತದೆ, ಆದರೆ ಚಕ್ರ ತಿರುಗಿದರೆ ಪೆಡಲ್ ತಿರುಗಲೇಬೇಕೆಂದಿಲ್ಲ. ಸ್ಲಿಪ್ಪರ್ ಕ್ಲಚ್ಚಿನಲ್ಲಿ ಅದರ ಅರ್ಧ ಗುಣ ಇದೆ. ಒಳಗಿನ ಹಬ್ ಮತ್ತು ಪ್ರೆಶರ್ ಪ್ಲೇಟಿನ ನಡುವೆ ಓರೆಯಾಗಿ ಕೆತ್ತಿದ ಮೆಟ್ಟಿಲಿನಂಥ ಹಲ್ಲುಗಳಿರುತ್ತವೆ. ಎಂಜಿನ್ ಚಕ್ರವನ್ನು ಎಳೆಯುವಾಗ ಪ್ಲೇಟುಗಳ ಹಿಡಿತ ಬಿಗಿಯಾಗಿಯೇ ಇರುತ್ತದೆ. ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸಲು ಹೊರಟರೆ ಆ ಹಲ್ಲುಗಳು ಒಂದರ ಮೇಲೊಂದು ಹತ್ತಿ ಪ್ರೆಶರ್ ಪ್ಲೇಟನ್ನು ಚೂರು ಎತ್ತುತ್ತವೆ. ಕ್ಲಚ್ ಪ್ಲೇಟುಗಳು ಸಡಿಲವಾಗಿ ಒಂದಿಷ್ಟು ಜಾರುತ್ತವೆ. ಜಾರುವುದು ಟೈರ್ ಅಲ್ಲ, ಪ್ಲೇಟು. ಇಷ್ಟೇ ಅದರ ಒಳಗುಟ್ಟು.

‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?’ ಅಂತ ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಅಪ್ಪ, ಚಿಕ್ಕಪ್ಪಂದಿರು ಓಡಿಸಿದ್ದು ಆರ್‌ಎಕ್ಸ್ 100, ಮೈಸೂರಿನಲ್ಲೇ ತಯಾರಾದ ಯೆಜ್ಡಿ. ಎರಡೂ ಟೂ ಸ್ಟ್ರೋಕ್. ಆಕ್ಸಿಲರೇಟರ್ ಬಿಟ್ಟರೆ ಟೂ ಸ್ಟ್ರೋಕ್ ಎಂಜಿನ್ ಗಾಡಿಯನ್ನು ಹೆಚ್ಚು ಹಿಡಿದು ನಿಲ್ಲಿಸುವುದಿಲ್ಲ, ಹಾಗಾಗಿ ಅವರಿಗೆ ಈ ತಲೆನೋವು ಅಷ್ಟಾಗಿ ಇರಲಿಲ್ಲ. ಈಗಿನದೆಲ್ಲ ಫೋರ್ ಸ್ಟ್ರೋಕ್, ಅದರಲ್ಲೂ ಸ್ಪೋರ್ಟ್ ಬೈಕುಗಳಲ್ಲಿ ಕಂಪ್ರೆಷನ್ ಜಾಸ್ತಿ, ಎಂಜಿನ್ ಹಿಡಿತವೂ ಜಾಸ್ತಿ. 2002ರಲ್ಲಿ ಮೋಟೋಜಿಪಿ ರೇಸಿಗೆ 990 ಸಿಸಿ ಫೋರ್ ಸ್ಟ್ರೋಕ್ ಗಾಡಿಗಳು ಬಂದಾಗ ರೇಸಿನವರಿಗೂ ಇದೇ ದೊಡ್ಡ ತಲೆನೋವಾಗಿತ್ತು. 2018ರ ಹೊತ್ತಿಗೆ ನಮ್ಮಲ್ಲಿ ಮಾರಾಟವಾಗುವ ಆರ್15ರ ಮೂರನೇ ಮಾದರಿಗೂ ಅಪಾಚೆ ಆರ್‌ಟಿಆರ್ 200ಕ್ಕೂ ಕಂಪನಿಯೇ ಸ್ಲಿಪ್ಪರ್ ಕ್ಲಚ್ ಹಾಕಿ ಕೊಟ್ಟಿತು. ಹಳೆಯ ಮಾದರಿ ಇಟ್ಟುಕೊಂಡವನು ನನಗೂ ಒಂದು ಇರಲಿ ಅಂದುಕೊಂಡರೆ ಅದು ದುರಾಸೆಯಲ್ಲ.

ಎಬಿಎಸ್ ಇದೆಯಲ್ಲ, ಅದು ಸಾಲದೇ ಅನ್ನುವವರೂ ಇದ್ದಾರೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ, ಒಳ್ಳೆಯದೇ. ಆದರೆ ಎಬಿಎಸ್ ಸಡಿಲಿಸುವುದು ಬ್ರೇಕನ್ನು ಮಾತ್ರ. ಹಿಂದಿನ ಚಕ್ರವನ್ನು ಹಿಡಿದಿರುವುದು ಎಂಜಿನ್ ಆದರೆ ಅದು ಏನೂ ಮಾಡಲಾರದು. ಮೇಲಾಗಿ ಎಷ್ಟೋ ಗಾಡಿಗಳಲ್ಲಿ ಅದು ಇರುವುದೇ ಮುಂದಿನ ಚಕ್ರಕ್ಕೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತೂ ಹೇಳಬೇಕು, ಹುಡುಗರಿಗೆ ಬೇಜಾರಾದರೂ ಸರಿ. ಇದನ್ನು ಹಾಕಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಇದರ ಅಗತ್ಯ ಇರುವುದಿಲ್ಲ. ಆ ಹುಡುಗನ ಗಾಡಿಯ ಹಿಂದಿನ ಟೈರ್ ನೋಡಿದೆವು. ನಡುವೆ ಗೆರೆಯೇ ಇಲ್ಲ, ಅಂಗೈಯಂತೆ ನುಣ್ಣಗಾಗಿದೆ. ಕಿಟ್ಟಿಗೆ ಹೋದ ದುಡ್ಡಿನಲ್ಲಿ ಒಳ್ಳೆಯ ಟೈರ್ ಹಾಕಿಸಿ, ಬ್ರೇಕ್ ಪ್ಯಾಡ್ ಬದಲಿಸಿದ್ದರೂ ಇನ್ನೊಂದಷ್ಟು ಉಳಿಯುತ್ತಿತ್ತು. ಗೇರನ್ನು ಒಂದೊಂದಾಗಿ ಇಳಿಸುವುದು, ಇಳಿಸುವಾಗ ಆಕ್ಸಿಲರೇಟರ್ ಚೂರು ತಿರುಗಿಸಿ ಎಂಜಿನ್ ವೇಗವನ್ನು ಚಕ್ರಕ್ಕೆ ಹೊಂದಿಸುವುದು, ಕ್ಲಚ್ಚನ್ನು ಪಟ್ಟನೆ ಬಿಡದೆ ಮೆಲ್ಲಗೆ ಬಿಡುವುದು, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಒಂದು ತಿಂಗಳು ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ.

ಹಾಕಿಸಿದ ಮೇಲೆ ಬದಲಾಗುವುದೂ ಒಂದೆರಡು ಇವೆ. ಎಂಜಿನ್ ಹಿಡಿತ ಪೂರ್ತಿ ಹೋಗದಿದ್ದರೂ ಕಡಿಮೆಯಾಗುತ್ತದೆ, ಘಾಟಿ ಇಳಿಯುವಾಗ ಬ್ರೇಕಿಗೆ ಕೆಲಸ ಹೆಚ್ಚು. ಬ್ಯಾಟರಿ ಸತ್ತಾಗ ತಳ್ಳಿ ಸ್ಟಾರ್ಟ್ ಮಾಡುವುದು ಮೊದಲಿನಷ್ಟು ಸಲೀಸಲ್ಲ, ಯಾಕೆಂದರೆ ಆಗಲೂ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕು, ಕ್ಲಚ್ ಜಾರಲು ನೋಡುತ್ತದೆ. ನಮ್ಮ ಕಡೆ ತಳ್ಳಿ ಸ್ಟಾರ್ಟ್ ಮಾಡುವುದು ತಮಾಷೆಯ ವಿಷಯವಲ್ಲ.

ಇಷ್ಟೆಲ್ಲ ಆದರೂ ಆ ಹುಡುಗ ಬಿದ್ದದ್ದು ಟೈರಿನಿಂದಲ್ಲ, ವೇಗದಿಂದಲೂ ಅಲ್ಲ. ಹಾಕಿಸಿ ಒಂದು ವಾರಕ್ಕೇ ಗಾಡಿ ಸೂಚನೆ ಕೊಟ್ಟಿತ್ತು. ನಿಂತಾಗ ನ್ಯೂಟ್ರಲ್ ಸಿಗುತ್ತಿರಲಿಲ್ಲ. ಕ್ಲಚ್ ಪೂರ್ತಿ ಹಿಡಿದಿದ್ದರೂ ಗಾಡಿ ಮುಂದೆ ಮುಂದೆ ಸರಿಯುತ್ತಿತ್ತು. ಹೊಸದಲ್ವಾ, ಹೊಂದಿಕೊಳ್ಳುತ್ತೆ ಅಂತ ಅವನು ಕೇಬಲ್ ಬಿಗಿ ಮಾಡಿಕೊಂಡು ಓಡಿಸಿದ. ಆ ಸೋಮವಾರ ತಿರುವಿನಲ್ಲಿ ಎದುರಿಗೆ ಬಸ್ ಬಂತು. ಕ್ಲಚ್ ಹಿಡಿದ, ಗಾಡಿ ಬಿಡಲಿಲ್ಲ, ಎಂಜಿನ್ ದೂಡುತ್ತಲೇ ಇತ್ತು. ಬಸ್ಸಿಗೆ ಹೋಗುವುದರ ಬದಲು ಗೋಡೆಗೆ ಹೋದ.

ಹಾಸನದ ಒಂದು ವರ್ಕ್‌ಶಾಪಿನಲ್ಲಿ ಬಿಚ್ಚಿಸುವಾಗ ನಾವೂ ಪಕ್ಕದಲ್ಲಿ ನಿಂತಿದ್ದೆವು. ಕ್ಲಚ್ ಹಬ್ಬನ್ನು ಹಿಡಿದಿಡುವ ನಡುವಿನ ದೊಡ್ಡ ನಟ್ಟು ಬೆರಳಿನಲ್ಲೇ ತಿರುಗಿತು. ಅದರ ಕೆಳಗೆ ಲಾಕ್ ವಾಷರ್ ಇರುತ್ತದೆ. ನಟ್ಟು ಬಿಗಿದ ಮೇಲೆ ವಾಷರ್‌ನ ಕಿವಿಯನ್ನು ನಟ್ಟಿನ ಬದಿಗೆ ಮಡಚಬೇಕು, ನಟ್ಟು ಹಿಂದಕ್ಕೆ ಬರದಂತೆ. ಇಲ್ಲಿ ಹಳೆಯ ವಾಷರನ್ನೇ ಮತ್ತೆ ಹಾಕಿ ಮತ್ತೆ ಮಡಚಿದ್ದರು, ಕಿವಿ ಸೀಳಿ ಹೋಗಿತ್ತು. ಹತ್ತಿಪ್ಪತ್ತು ರೂಪಾಯಿಯ ವಸ್ತು.

ಈಗ ಎಲ್ಲರೂ ಮೆಕ್ಯಾನಿಕ್ಕನ್ನು ಬೈಯಲು ತಯಾರಾಗುತ್ತೀರಿ. ನಾವೂ ಅದೇ ತಯಾರಿಯಲ್ಲಿ ಅವರ ಗ್ಯಾರೇಜಿಗೆ ಹೋದದ್ದು.

ಆತ ಹದಿನಾಲ್ಕನೇ ವಯಸ್ಸಿಗೆ ಹೆಲ್ಪರ್ ಆಗಿ ಸೇರಿ, ಬೈಗುಳ ತಿಂದು ಕಲಿತವರು. ಸ್ಪ್ಲೆಂಡರ್ ಗಾಡಿಯನ್ನು ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾರೆ. ಸುತ್ತಲಿನ ಹತ್ತು ಹಳ್ಳಿಯ ಗಾಡಿಗಳು ಓಡುತ್ತಿರುವುದು ಅವರ ಕೈಯಿಂದ. ಅವರು ನಮಗೆ ಕಿಟ್ಟಿನ ಡಬ್ಬಿ ತಂದು ತೋರಿಸಿದರು. ‘ಸರ್, ಒಳಗೊಂದು ಚೀಟಿ ಇತ್ತು, ಪೂರ್ತಿ ಇಂಗ್ಲಿಷು. ಹುಡುಗ ಓದಿ ಹೇಳ್ದ, ಅವನಿಗೂ ಅರ್ಧ ಗೊತ್ತಾಗ್ಲಿಲ್ಲ. ನಟ್ಟು ಎಷ್ಟು ಬಿಗೀಬೇಕು ಅಂತ ಏನೋ ನಂಬರ್ ಇತ್ತು. ನಾವು ಕೈಯಂದಾಜಲ್ಲೇ ಬಿಗಿಯೋದು.’ ವಾಷರ್? ‘ಡಬ್ಬೀಲಿ ಹೊಸದು ಇರ್ಲಿಲ್ಲ. ಪೇಟೇಲಿ ಕೇಳಿದ್ರೆ ಆರ್ಡರ್ ಹಾಕ್ಬೇಕು ಅಂದ್ರು. ಹುಡುಗಂಗೆ ಸೋಮವಾರಕ್ಕೆ ಗಾಡಿ ಬೇಕಿತ್ತು.’

ಆ ನಂಬರ್ ಟಾರ್ಕ್ ಅಳತೆ. ಟಾರ್ಕ್ ರೆಂಚ್ ಅಂತ ಒಂದು ಸಾಧನ ಬರುತ್ತದೆ, ಬೇಕಾದಷ್ಟು ಬಿಗಿಯಾದ ಕೂಡಲೇ ‘ಟಕ್’ ಅನ್ನುತ್ತದೆ. ಅದಕ್ಕಿಂತ ಬಿಗಿದರೆ ಮರೆ ಹೋಗುತ್ತದೆ, ಕಡಿಮೆಯಾದರೆ ಸಡಿಲವಾಗುತ್ತದೆ. ಆ ಹೋಬಳಿಯಲ್ಲಿ ನಾವು ಸುತ್ತಿದ ಒಂದು ಗ್ಯಾರೇಜಿನಲ್ಲೂ ಅದು ಇರಲಿಲ್ಲ. ಹಬ್ ತಿರುಗದಂತೆ ಹಿಡಿಯುವ ಹೋಲ್ಡರ್ ಕೂಡ ಇಲ್ಲ. ಟಾಪ್ ಗೇರಿಗೆ ಹಾಕಿ, ಹಿಂದಿನ ಬ್ರೇಕ್ ತುಳಿದು ಹಿಡಿದು, ನಟ್ಟಿಗೆ ಚಿಸಲ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದೇ ರೂಢಿ. ಹೊಡೆತಕ್ಕೆ ಎದ್ದ ಕಬ್ಬಿಣದ ಚೂರು ಎಣ್ಣೆಯೊಳಗೆ ಬಿದ್ದರೆ ಮುಂದಿನ ಕಥೆ ಬೇರೆ.

ಎಣ್ಣೆಯ ವಿಷಯ ಬಂತು, ಇಲ್ಲೇ ಹೇಳಿಬಿಡುತ್ತೇವೆ. ಬೈಕಿನ ಕ್ಲಚ್ ಎಂಜಿನ್ ಆಯಿಲ್ಲಿನಲ್ಲೇ ಮುಳುಗಿರುತ್ತದೆ. ಕಾರಿಗೆ ಅಂತ ಬರುವ ಎಷ್ಟೋ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ಅಂಶ ಸೇರಿಸಿರುತ್ತಾರೆ, ಅದನ್ನು ಹಾಕಿದರೆ ಎಷ್ಟು ಒಳ್ಳೆಯ ಕ್ಲಚ್ ಆದರೂ ಜಾರುತ್ತದೆ. ಡಬ್ಬಿಯ ಮೇಲೆ ಜೆಎಎಸ್‌ಒ ಎಂಎ ಅಥವಾ ಎಂಎ2 ಅಂತ ಇರಬೇಕು. ಜೀಪಿಗೆ ತಂದು ಉಳಿದದ್ದನ್ನು ಬೈಕಿಗೆ ಸುರಿಯಬೇಡಿ. ಹೊಸ ಫ್ರಿಕ್ಷನ್ ಪ್ಲೇಟನ್ನು ಒಣಗಿದ್ದಂತೆಯೇ ಜೋಡಿಸಲೂಬಾರದು, ಅದೇ ಆಯಿಲ್ಲಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಜೋಡಿಸಬೇಕು.

ಮೆಕ್ಯಾನಿಕ್ ತಪ್ಪು ಮಾಡಿಲ್ಲ ಅಂತ ನಾವು ಹೇಳುತ್ತಿಲ್ಲ. ‘ಇದು ನನ್ನ ಕೈಲಾಗಲ್ಲ, ವಾಷರ್ ಬರೋ ತನಕ ಗಾಡಿ ಕೊಡಲ್ಲ’ ಅನ್ನಬೇಕಿತ್ತು. ಅವರೂ ಅದನ್ನು ಒಪ್ಪಿಕೊಂಡರು, ಹುಡುಗನ ಆಸ್ಪತ್ರೆ ಖರ್ಚಿಗೆ ದುಡ್ಡೂ ಕೊಟ್ಟಿದ್ದಾರೆ. ಆದರೆ ಹಳ್ಳಿ ಹಳ್ಳಿಗೆ ಬೈಕ್ ಮಾರುವವರಿಗೆ, ಮನೆ ಬಾಗಿಲಿಗೆ ಕಿಟ್ ಕಳಿಸುವವರಿಗೆ ಒಂದು ಹಾಳೆ ಕನ್ನಡದಲ್ಲಿ ಬರೆಸುವುದು ಕಷ್ಟವೇ? ಜಾಹೀರಾತು ಕನ್ನಡದಲ್ಲಿ ಬರುತ್ತದೆ, ಸಾಲದ ಮೆಸೇಜು ಕನ್ನಡದಲ್ಲಿ ಬರುತ್ತದೆ. ಜೀವಕ್ಕೆ ಸಂಬಂಧಪಟ್ಟ ನಟ್ಟಿನ ಅಳತೆ ಮಾತ್ರ ಇಂಗ್ಲಿಷಿನಲ್ಲಿ. ಕೌಶಲ ತರಬೇತಿಯ ಹೆಸರಿನಲ್ಲಿ ಹೊಸ ಹುಡುಗರಿಗೆ ಸರ್ಟಿಫಿಕೇಟ್ ಕೊಡುತ್ತಾರೆ, ಸಂತೋಷ. ಇಪ್ಪತ್ತು ವರ್ಷದಿಂದ ಸ್ಪ್ಯಾನರ್ ಹಿಡಿದಿರುವವರನ್ನು ಎರಡು ದಿನ ಕೂರಿಸಿ ಹೊಸ ಗಾಡಿಯ ಒಳಗು ತೋರಿಸುವ ಏರ್ಪಾಡನ್ನು ನಾವು ನಮ್ಮ ತಾಲ್ಲೂಕಿನಲ್ಲಿ ಕಂಡಿಲ್ಲ. ಒಂದು ಟಾರ್ಕ್ ರೆಂಚಿನ ಬೆಲೆ ಆ ಕಿಟ್ಟಿನ ಬೆಲೆಗಿಂತ ಕಡಿಮೆ. ನಾಲ್ಕು ಗ್ಯಾರೇಜಿನವರು ಸೇರಿ ಒಂದು ಕೊಂಡರೂ ನಡೆಯುತ್ತದೆ, ಪವರ್ ಟಿಲ್ಲರ್ ಹಂಚಿಕೊಳ್ಳುವುದಿಲ್ಲವೇ ಹಾಗೆ.

ಗಾಡಿ ಕೊಡುವ ಹುಡುಗರಿಗೂ ಒಂದು ಮಾತು. ಕೆಲಸ ಮುಗಿಸಲು ಅವಸರ ಮಾಡಬೇಡಿ, ವಾಷರ್ ಮತ್ತು ಗ್ಯಾಸ್ಕೆಟ್ ಹೊಸದೇ ಅಂತ ಕಣ್ಣಾರೆ ನೋಡಿ. ಹಾಕಿಸಿದ ಮೇಲೆ ಮೊದಲ ನೂರು ಕಿಲೋಮೀಟರ್ ಊರ ಬಯಲಿನಲ್ಲೇ ಓಡಿಸಿ, ಘಾಟಿಗೆ ಬೇಡ. ನ್ಯೂಟ್ರಲ್ ಸಿಗದಿದ್ದರೆ, ಕ್ಲಚ್ ಹಿಡಿದರೂ ಗಾಡಿ ತೆವಳಿದರೆ ಅಲ್ಲೇ ನಿಲ್ಲಿಸಿ. ಅದು ಹೊಂದಿಕೊಳ್ಳುವ ಲಕ್ಷಣವಲ್ಲ.

ನಾವು ಕಳಿಸಿದ ಸುದ್ದಿಗೆ ತಿದ್ದುಪಡಿ ಹಾಕಿ ಅಂತ ಡೆಸ್ಕಿಗೆ ಬರೆದೆವು. ‘ನಿಯಂತ್ರಣ ತಪ್ಪಿದ್ದು ಸುಳ್ಳಲ್ಲವಲ್ಲ’ ಅಂತ ಉತ್ತರ ಬಂತು. ಅದೂ ನಿಜವೇ.

ಹೋದ ಭಾನುವಾರ ಮತ್ತೆ ಆ ಗ್ಯಾರೇಜಿಗೆ ಹೋಗಿದ್ದೆವು. ಮೆಕ್ಯಾನಿಕ್ ಆ ಇಂಗ್ಲಿಷ್ ಚೀಟಿಯನ್ನು ಎತ್ತಿಟ್ಟಿದ್ದರು, ಕನ್ನಡದಲ್ಲಿ ಬರೆದುಕೊಡಿ ಅಂದರು. ಹುಡುಗನೂ ಇದ್ದ, ಕೈ ಇನ್ನೂ ಜೋಲಿಯಲ್ಲಿತ್ತು. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಮೂವರೂ ಕೂತು ಬರೆದೆವು. ಸ್ಪ್ರಿಂಗ್ ಬೋಲ್ಟುಗಳನ್ನು ‘ಕ್ರಿಸ್‌ಕ್ರಾಸ್’ ಆಗಿ ಬಿಗಿಯಿರಿ ಅನ್ನುವ ಕಡೆ ಪೆನ್ನು ನಿಂತಿತು. ‘ಎದುರುಬದುರು, ಸ್ವಲ್ಪ ಸ್ವಲ್ಪವೇ ಅಂತ ಬರೀರಿ ಸರ್, ನಾವು ಹಾಗೇ ಹೇಳೋದು’ ಅಂದರು ಮೆಕ್ಯಾನಿಕ್. ಹಾಗೇ ಬರೆದು ಗೋಡೆಗೆ ಅಂಟಿಸಿ ಬಂದೆವು.