ನೂರು ರೂಪಾಯಿಯ ಆಮಿಷ, ಇಪ್ಪತ್ತು ವರ್ಷದ ಮನೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಯುವಕನೊಬ್ಬ ನನ್ನ ಪರಿಚಿತ. ತಿಂಗಳ ಸಂಬಳ 30 ಸಾವಿರ ರೂಪಾಯಿ. ಬಾಡಿಗೆ ಮನೆಯಲ್ಲಿಯೇ ಮದುವೆಯಾಗಿ, ಬಾಡಿಗೆ ಮನೆಯಲ್ಲಿಯೇ ಇಬ್ಬರು ಮಕ್ಕಳ ತಂದೆಯಾದ ಆತ ರಾಣೇಬೆನ್ನೂರಿನಲ್ಲಿ ಒಂದು ಚಿಕ್ಕ ಮನೆ ನೋಡಿದ. ಕೈಯಲ್ಲಿದ್ದುದನ್ನೆಲ್ಲ ಮುಂಗಡವಾಗಿ ಕೊಟ್ಟು, ಮೂರು ತಿಂಗಳ ಅವಧಿಯ ಕರಾರು ಬರೆಸಿಕೊಂಡ. ಗೃಹಸಾಲಕ್ಕೆ ಅರ್ಜಿ ಹಾಕಲು ಹಾವೇರಿಗೆ ಹೋದವನನ್ನು ದಾರಿಯಲ್ಲಿ ಕಾರ್ಡು ಮಾರುವ ಹುಡುಗನೊಬ್ಬ ತಡೆದ. ಖರೀದಿಸಿದಾಗಲೆಲ್ಲ ಹಣ ಮರಳಿ ಬರುವ ಕ್ಯಾಶ್‌ಬ್ಯಾಕ್ ಕಾರ್ಡು! ಯಾವುದು ಹೆಚ್ಚು ಮರಳಿಸುತ್ತದೆಂದು ನೋಡುವ ಉತ್ಸಾಹದಲ್ಲಿ ಆತ ಒಂದೇ ತಿಂಗಳಲ್ಲಿ ಮೂರು ಕಡೆ ಅರ್ಜಿ ಹಾಕಿದ. ನಾನು ಆಕ್ಷೇಪಿಸಿದಾಗ ಅವನು ಹೇಳಿದ್ದು ಇಷ್ಟೇ: "ಭಾಯ್, ಪುಕ್ಕಟೆ ಕೊಡತಾರ, ಯಾಕ ಬಿಡಬೇಕು?"

ಪುಕ್ಕಟೆಯಾದುದು ಎಷ್ಟು ದುಬಾರಿ ಎಂಬುದನ್ನು ಆತ ಬ್ಯಾಂಕಿನಲ್ಲಿ ತಿಳಿದ. ಹೊಸ ಕಾರ್ಡಿನಲ್ಲಿ 30 ಸಾವಿರದ ಫೋನನ್ನು ಹನ್ನೆರಡು ಕಂತುಗಳಲ್ಲಿ ಕೊಂಡಿದ್ದ. ಮರಳಿ ಬಂದದ್ದು 1,500 ರೂಪಾಯಿ. ತಿಂಗಳ ಕಂತು 2,500 ರೂಪಾಯಿ. ಸಂಬಳದ ಅರ್ಧವನ್ನು ಮಾತ್ರ ಸಾಲದ ಕಂತುಗಳಿಗೆಂದು ಬ್ಯಾಂಕು ಪರಿಗಣಿಸಿತು. ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳಿಗೆ 15 ಸಾವಿರ ಕಟ್ಟಬಲ್ಲವನಿಗೆ ಸುಮಾರು 17.28 ಲಕ್ಷ ಸಾಲ ಸಿಗುತ್ತದೆ. ಅದರಲ್ಲಿ ಫೋನಿನ 2,500 ಕಳೆದರೆ ಉಳಿಯುವುದು 12,500. ಸಿಗುವ ಸಾಲ 14.40 ಲಕ್ಷ. ಒಂದೂವರೆ ಸಾವಿರದ ಲಾಭಕ್ಕಾಗಿ 2.88 ಲಕ್ಷದ ಕೊರತೆ! ಅದರ ಜೊತೆಗೆ, ಒಂದೇ ತಿಂಗಳಲ್ಲಿ ಮೂರು ಕಡೆ ಸಾಲ ಕೇಳಿದ್ದೇಕೆ ಎಂಬ ಪ್ರಶ್ನೆಗೂ ಆತ ಉತ್ತರಿಸಬೇಕಾಯಿತು.

ಕೊನೆಗೆ ಫೋನಿನ ಬಾಕಿ ತೀರಿಸಲು ಮಾರಾಟವಾದದ್ದು ಪತ್ನಿಯ ಕಿವಿಯೋಲೆ. ಗೃಹಸಾಲದ ಅರ್ಜಿಯಲ್ಲಿ ಆಕೆ ಸಹ ಅರ್ಜಿದಾರಳು. ಕಾರ್ಡಿನ ವಿಚಾರ ಆಕೆಗೆ ತಿಳಿದದ್ದು ಓಲೆ ಬಿಚ್ಚಿಕೊಡಬೇಕಾದ ದಿನ.

ಇದು ಒಬ್ಬ ಯುವಕನ ಅವಸರ ಎಂದು ತಳ್ಳಿಹಾಕುವಂತಿಲ್ಲ. ಸಾಲದ ಜಗತ್ತು ಬದಲಾಗಿದೆ; ನಮ್ಮ ತಿಳಿವಳಿಕೆ ಮಾತ್ರ ಬದಲಾಗಿಲ್ಲ. ಹಿಂದೆ ಸಾಲ ಕೊಡುವವನು ಓಣಿಯಲ್ಲಿ ವಿಚಾರಿಸುತ್ತಿದ್ದ. ಇಂದು ಆ ಕೆಲಸವನ್ನು ಸಿಬಿಲ್‌ನಂಥ ನಾಲ್ಕು ಸಾಲಮಾಹಿತಿ ಕಂಪೆನಿಗಳು ಮಾಡುತ್ತಿವೆ. 300ರಿಂದ 900ರವರೆಗಿನ ಒಂದು ಅಂಕಿಯಲ್ಲಿ ಮನುಷ್ಯನ ವಿಶ್ವಾಸಾರ್ಹತೆಯನ್ನು ಅಳೆಯಲಾಗುತ್ತದೆ. ಕಾರ್ಡಿಗೆ ಹಾಕಿದ ಪ್ರತಿ ಅರ್ಜಿಯೂ ಅಲ್ಲಿ ದಾಖಲಾಗುತ್ತದೆ. ಅಲ್ಪಾವಧಿಯಲ್ಲಿ ಹಲವು ಅರ್ಜಿಗಳಿದ್ದರೆ, ಈತ ಹಣದ ಅಡಚಣೆಯಲ್ಲಿದ್ದಾನೆ ಎಂಬ ಅರ್ಥ ಹೊರಡುತ್ತದೆ. ಅಂಕ ಕುಸಿದರೆ ಸಾಲ ಸಿಗದಿರಬಹುದು, ಸಿಕ್ಕರೂ ಬಡ್ಡಿ ಏರಬಹುದು. 20 ಲಕ್ಷದ ಸಾಲಕ್ಕೆ ಶೇ. 8.5ರ ಬದಲು 8.75 ಆದರೆ ತಿಂಗಳ ಕಂತಿನಲ್ಲಿ ವ್ಯತ್ಯಾಸ ಸುಮಾರು 318 ರೂಪಾಯಿ. ದರ ಹಾಗೆಯೇ ಉಳಿದರೆ 20 ವರ್ಷದಲ್ಲಿ 76 ಸಾವಿರ. ಇನ್ನೊಂದೆಡೆ, ತಿಂಗಳಿಗೆ 10 ಸಾವಿರ ಖರ್ಚು ಮಾಡಿ ಶೇ. 1ರಂತೆ ಮರಳಿ ಪಡೆದರೆ ವರ್ಷಕ್ಕೆ 1,200. ಅದರಲ್ಲಿ 500 ರೂಪಾಯಿ ವಾರ್ಷಿಕ ಶುಲ್ಕ ಮತ್ತು ಶೇ. 18 ತೆರಿಗೆ ಕಳೆದರೆ ಉಳಿಯುವುದು 610 ರೂಪಾಯಿ. ಯಾವುದು ಲಾಭ, ಯಾವುದು ನಷ್ಟ?

ಈ ಸೀಮೆಯ ಆದಾಯದ ಸ್ವರೂಪವನ್ನೂ ಮರೆಯಬಾರದು. ಬ್ಯಾಡಗಿಯವರ ಬದುಕು ಮೆಣಸಿನಕಾಯಿಯ ಹಂಗಾಮಿಗೆ ಕಟ್ಟುಬಿದ್ದಿದೆ. 2024ರ ಮಾರ್ಚ್ 11ರಂದು ದರ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ನಾಡೇ ಕಂಡಿದೆ. ರಾಣೇಬೆನ್ನೂರಿನ ಬೀಜದ ವ್ಯಾಪಾರಿಗೂ, ಹಾವೇರಿಯ ಏಲಕ್ಕಿ ಹಾರದ ಕುಶಲಕರ್ಮಿಗೂ ತಿಂಗಳ ಮೊದಲ ದಿನ ಸಂಬಳ ಬರುವುದಿಲ್ಲ. ದರ ಕುಸಿಯಿತೆಂದು ಕಾರ್ಡಿನ ಗಡುವು ಕಾಯುವುದೂ ಇಲ್ಲ. ಗಡುವು ಮೀರಿದರೆ ಅನೇಕ ಕಾರ್ಡುಗಳು ತಿಂಗಳಿಗೆ ಶೇ. 3.5ರ ಆಸುಪಾಸಿನಲ್ಲಿ, ಅಂದರೆ ವರ್ಷಕ್ಕೆ ಶೇ. 40ಕ್ಕೂ ಮಿಕ್ಕಿ ಬಡ್ಡಿ ಹಾಕುತ್ತವೆ. ಕಾರ್ಡಿನ ಬಡ್ಡಿ ಶೇ. 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ನೀಡಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿದೆ. ಕನಿಷ್ಠ ಮೊತ್ತ ಕಟ್ಟಿದರೆ ಸಾಕೆಂಬ ಬಿಲ್ಲಿನ ಸಾಲು ಬಹುದೊಡ್ಡ ಬಲೆ. ಉಳಿದ ಬಾಕಿಗೆ ಮಾತ್ರವಲ್ಲ, ಹೊಸ ಖರೀದಿಗೂ ಅಂದಿನಿಂದಲೇ ಬಡ್ಡಿ ಆರಂಭವಾಗುತ್ತದೆ.

ಇಲ್ಲಿ ಇನ್ನೊಂದು ಪ್ರಶ್ನೆ ಇದೆ. ಈ ಕ್ಯಾಶ್‌ಬ್ಯಾಕ್ ಎಲ್ಲಿಂದ ಬರುತ್ತದೆ? ಒಂದು ಭಾಗ ಅಂಗಡಿಯವನು ತೆರುವ ಶುಲ್ಕದಿಂದ. ಇನ್ನೊಂದು ಭಾಗ, ಗಡುವಿನೊಳಗೆ ಕಟ್ಟಲಾಗದೆ ಸೋತವನು ತೆತ್ತ ಬಡ್ಡಿ ಮತ್ತು ದಂಡದಿಂದ. ಪೂರ್ತಿ ಕಟ್ಟುವ ನನಗೆ ಬಡ್ಡಿ ಸೋಂಕುವುದಿಲ್ಲ ಎಂದು ಸಮಾಧಾನಪಡುವವರು ಇದನ್ನೂ ಯೋಚಿಸಬೇಕು. ಗಡುವು ಮೀರಿದರೆ ಬಡ್ಡಿ ಕಟ್ಟುವೆನೆಂದು ಒಪ್ಪಿ ಸಹಿ ಹಾಕುವುದೇ ಸರಿಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಗೃಹಸಾಲದ ಬಗ್ಗೆಯೂ ಇದೆ. ವಾಸಕ್ಕೆ ಮನೆಯಿಲ್ಲದ, ಬೇರೆ ದಾರಿಯೂ ಇಲ್ಲದ ಮುಸ್ಲಿಮನಿಗೆ ಯುರೋಪಿನ ಫತ್ವಾ ಮಂಡಳಿ 1999ರಲ್ಲಿ ಷರತ್ತುಬದ್ಧ ಅನುಮತಿ ನೀಡಿತು. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗನ್ನು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿತ್ತಾದರೂ ಆ ಪ್ರಸ್ತಾವವನ್ನು ಮುಂದುವರಿಸದಿರಲು ರಿಸರ್ವ್ ಬ್ಯಾಂಕ್ ತೀರ್ಮಾನಿಸಿದ್ದು 2017ರಲ್ಲಿ ಬಹಿರಂಗವಾಯಿತು. ಬಡ್ಡಿಯಿಂದ ತಪ್ಪಿಸಿಕೊಳ್ಳಲೆಂದು ಬೆಂಗಳೂರಿನ ಐಎಂಎ ಸಂಸ್ಥೆಗೆ ಹಣ ಸುರಿದ ಸಾವಿರಾರು ಕುಟುಂಬಗಳು 2019ರಲ್ಲಿ ಬೀದಿಗೆ ಬಂದವು. ಹಲಾಲ್ ಎಂಬ ಫಲಕ ಲೆಕ್ಕಪತ್ರಕ್ಕೆ ಬದಲಿಯಾಗದು. ಆದ್ದರಿಂದ ಪ್ರತಿಯೊಬ್ಬನೂ ತಾನು ನಂಬುವ ವಿದ್ವಾಂಸರನ್ನು ಕೇಳಿ ತೀರ್ಮಾನಿಸಲಿ. ಆದರೆ ಗೃಹಸಾಲವನ್ನು ಅನಿವಾರ್ಯವೆಂದು ಸಮರ್ಥಿಸುವವನು ಕ್ಯಾಶ್‌ಬ್ಯಾಕ್ ಕಾರ್ಡನ್ನೂ ಅದೇ ಪಟ್ಟಿಗೆ ಸೇರಿಸಲಾರ. ಸೂರು ಅಗತ್ಯ. ನೂರು ರೂಪಾಯಿಯ ರಿಯಾಯಿತಿ ಅಗತ್ಯವೇ?

ಕಾರ್ಡು ಸರ್ವಥಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸಾಲದ ಇತಿಹಾಸವೇ ಇಲ್ಲದವನ ಬಗ್ಗೆ ನಿರ್ಧರಿಸಲು ಬ್ಯಾಂಕಿಗೆ ಆಧಾರವಿರುವುದಿಲ್ಲ. ಹಲವು ವರ್ಷಗಳಿಂದ ಶಿಸ್ತಾಗಿ ಬಳಸಿದ ಒಂದು ಕಾರ್ಡು ಆಗ ನೆರವಾಗಬಹುದು. ಅಂಥ ಹಳೆಯ ಕಾರ್ಡನ್ನು ಅರ್ಜಿಯ ಹೊತ್ತಿಗೆ ಅವಸರದಲ್ಲಿ ಮುಚ್ಚುವುದೂ ಜಾಣತನವಲ್ಲ. ಆದರೆ ಹೊಸ ಕಾರ್ಡಿನ ಕಾಲ ಒಂದೋ ಮನೆಯ ಅರ್ಜಿಗೆ ವರ್ಷ ಮೊದಲು, ಇಲ್ಲವೇ ಸಾಲದ ಹಣ ಪೂರ್ತಿ ಬಿಡುಗಡೆಯಾದ ಮೇಲೆ. ಮಂಜೂರಾತಿ ಪತ್ರ ಕೈಗೆ ಬಂದರೂ ಕೆಲಸ ಮುಗಿಯಿತೆಂದಲ್ಲ. ಹಣ ಕೊಡುವ ಮುನ್ನ ಬ್ಯಾಂಕು ಮತ್ತೊಮ್ಮೆ ವರದಿ ನೋಡಬಹುದು.

ಮನೆ ಕೊಳ್ಳಹೊರಟವರು ಮೊದಲು ತಮ್ಮ ಸಾಲಮಾಹಿತಿ ವರದಿಯನ್ನು ತರಿಸಿಕೊಳ್ಳಲಿ. 2017ರಿಂದ ಪ್ರತಿ ಕಂಪೆನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತನ್ನ ವರದಿಯನ್ನು ತಾನೇ ನೋಡಿದರೆ ಅಂಕ ಕಡಿಮೆಯಾಗುವುದಿಲ್ಲ. ತಪ್ಪಿದ್ದರೆ ದೂರು ಕೊಡಲಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರಕ್ಕೆ ಅವಕಾಶವಿದೆ. ಕ್ಯಾಶ್‌ಬ್ಯಾಕ್‌ಗೆ ಹಂಬಲಿಸುವವರು ಪ್ರಧಾನ ಮಂತ್ರಿ ಆವಾಸ್ ಯೋಜನೆ-ನಗರ 2.0ರ ಬಡ್ಡಿ ಸಹಾಯಧನವನ್ನೂ ವಿಚಾರಿಸಲಿ. ಎಲ್ಲಿಯೂ ಪಕ್ಕಾ ಮನೆಯಿಲ್ಲದ, ವಾರ್ಷಿಕ ಆದಾಯ 9 ಲಕ್ಷ ಮೀರದ ಕುಟುಂಬಕ್ಕೆ ಅದರಲ್ಲಿ ಗರಿಷ್ಠ 1.80 ಲಕ್ಷ ರೂಪಾಯಿ ಸಿಗಬಹುದು.

ಇನ್ನು ನಮ್ಮ ಅಂಜುಮನ್‌ಗಳಿಗೂ ಜಮಾಅತ್ ಕಮಿಟಿಗಳಿಗೂ ಒಂದು ಮಾತು. ಕುರ್‌ಆನಿನ ಅತಿ ದೀರ್ಘ ವಚನ ಸಾಲವನ್ನು ಬರೆದಿಡುವ ಕುರಿತಾದದ್ದು ಎಂದು ಮದ್ರಸದ ವಿದ್ಯಾರ್ಥಿಗಳೆಲ್ಲ ಕಲಿಯುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಸಾಲದ ಕಾಗದ ಓದಿ ಸಹಿ ಹಾಕುವವರು ಎಷ್ಟು ಮಂದಿ? ಸಹ ಅರ್ಜಿದಾರಳಾದ ಪತ್ನಿ, ಜಾಮೀನು ನಿಂತ ತಮ್ಮ, ಇವರ ಹೆಸರಿನಲ್ಲಿಯೂ ಸಾಲ ದಾಖಲಾಗುತ್ತದೆ. ಕಂತು ತಪ್ಪಿದರೆ ಅವರ ಅಂಕವೂ ಬೀಳುತ್ತದೆ. "ಇಲ್ಲಿ ಸಹಿ ಹಾಕು" ಎಂಬ ಎರಡು ನಿಮಿಷದ ಮಾತಿಗೆ ಇಪ್ಪತ್ತು ವರ್ಷದ ಹೊಣೆ. ತಿಂಗಳಿಗೊಂದು ಸಂಜೆ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಒಬ್ಬರನ್ನು ಕೂರಿಸಿಕೊಂಡು, ಸ್ತ್ರೀಪುರುಷರಿಬ್ಬರಿಗೂ ಈ ಕಾಗದಗಳನ್ನು ಓದಿ ಹೇಳುವ ಏರ್ಪಾಡು ಮಾಡಲು ದೊಡ್ಡ ನಿಧಿಯೇನೂ ಬೇಕಿಲ್ಲ.

ಆ ಯುವಕನಿಗೆ ಕರಾರಿನ ಅವಧಿ ಮುಗಿಯುವ ವಾರದಲ್ಲಿ ಸಾಲ ಸಿಕ್ಕಿತು. ಮನೆಯೂ ಆಯಿತು. ಓಲೆಯನ್ನು ಮತ್ತೆ ಮಾಡಿಸಿಕೊಡುವೆನೆಂದು ಆತ ಪತ್ನಿಗೆ ಮಾತು ಕೊಟ್ಟಿದ್ದಾನೆ. ಅದೂ ಒಂದು ಸಾಲವೇ. ಯಾವ ವರದಿಯಲ್ಲಿಯೂ ದಾಖಲಾಗದ ಆ ಸಾಲವನ್ನು ಆತ ಮೊದಲು ತೀರಿಸಲಿ.