ಎದೆಯ ಗಡ್ಡೆಗೆ ವೃಷಣದ ಪರೀಕ್ಷೆ ಏಕೆ?

ವೃಷಣದಲ್ಲಿ ಹುಟ್ಟುವಂತಹ ಗಡ್ಡೆ ಎದೆಯಲ್ಲಿ ಹುಟ್ಟೀತೇ? ವಿಚಿತ್ರವೆನಿಸಿದರೂ ಇದು ನಿಜ.

ಮುಂದೆ ವೀರ್ಯಾಣು ಅಥವಾ ಅಂಡಾಣುಗಳಾಗಬೇಕಾದ ಜನನಕೋಶಗಳು ಭ್ರೂಣದಲ್ಲಿ ಬೇರೆಡೆ ಹುಟ್ಟಿ, ದೇಹದ ನಡುಗೆರೆಯ ಗುಂಟ ಸಾಗಿ ವೃಷಣ ಅಥವಾ ಅಂಡಾಶಯವನ್ನು ಸೇರುತ್ತವೆ. ದಾರಿಯಲ್ಲೇ ಉಳಿದ ಕೆಲವು ಕೋಶಗಳು ವರ್ಷಗಳ ನಂತರ ಗಡ್ಡೆಯಾಗಬಹುದೆಂಬುದು ಅನೇಕ ತಜ್ಞರ ಅಭಿಪ್ರಾಯ. ಇವು ಕಾಣಿಸಿಕೊಳ್ಳುವುದು ಎದೆಗೂಡಿನ ನಡುಭಾಗ, ಹೊಟ್ಟೆಯ ಹಿಂಭಾಗ ಮತ್ತು ಮೆದುಳಿನ ಪೀನಿಯಲ್ ಗ್ರಂಥಿಯಲ್ಲಿ. ಹಸುಗೂಸುಗಳಲ್ಲಾದರೆ ಬೆನ್ನುಮೂಳೆಯ ತುದಿಯಲ್ಲಿ. ರೋಗ ಅಪರೂಪದ್ದು. ಆದರೆ ಎದೆಯಲ್ಲಿ ಬರುವ ಇಂತಹ ಕ್ಯಾನ್ಸರ್‌ಗೆ ತುತ್ತಾಗುವವರು ಬಹುಪಾಲು ದುಡಿಯುವ ವಯಸ್ಸಿನ ಯುವಕರು.

ಕೆಮ್ಮು, ಉಬ್ಬಸ, ಎದೆನೋವು, ಜ್ವರ, ತೂಕ ಇಳಿಯುವುದು ಇದರ ಲಕ್ಷಣಗಳು. ನಮ್ಮ ದೇಶದಲ್ಲಿ ಇಷ್ಟು ಕಂಡೊಡನೆ ಕ್ಷಯದ ನೆನಪಾಗುವುದು ಸಹಜ, ತಪ್ಪೂ ಅಲ್ಲ. ಆದರೆ ಕಫದಲ್ಲಿ ರೋಗಾಣು ಸಿಗದಿದ್ದರೂ ಎಕ್ಸ್‌ರೇಯ ನೆರಳನ್ನಷ್ಟೇ ನಂಬಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟರಲ್ಲಿ ಗಡ್ಡೆ ಸುಮ್ಮನೆ ಕೂರುವುದಿಲ್ಲ.

ಯುವಕನ ಎದೆಯ ಅಥವಾ ಹೊಟ್ಟೆಯ ನಡುವೆ ಗಡ್ಡೆ ಕಂಡರೆ ಆಲ್ಫಾ ಫೀಟೋಪ್ರೋಟೀನ್ ಮತ್ತು ಬೀಟಾ ಎಚ್.ಸಿ.ಜಿ. ಎಂಬ ಎರಡು ರಕ್ತಪರೀಕ್ಷೆಗಳನ್ನು ಮಾಡಿಸಲೇಬೇಕು. ಇವು ವಿಪರೀತ ಏರಿದ್ದರೆ ರೋಗದ ಸುಳಿವು ಸಿಕ್ಕಂತೆ. ಏರಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ಜೊತೆಗೆ ಸಿ.ಟಿ. ಸ್ಕ್ಯಾನ್, ಸಾಮಾನ್ಯವಾಗಿ ಬಯಾಪ್ಸಿಯೂ ಬೇಕು. 'ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ' ಎಂದು ಹೆದರಿ ಬಯಾಪ್ಸಿ ಬೇಡವೆನ್ನಬೇಡಿ. ವೃಷಣದ ಅಲ್ಟ್ರಾಸೌಂಡ್‌ಗೆ ನಾಚಿಕೆಯೂ ಬೇಡ. ಅಲ್ಲಿ ಕೈಗೆ ಸಿಗದಷ್ಟು ಸಣ್ಣ ಗಡ್ಡೆಯಿದ್ದು, ಅದೇ ಮೇಲಕ್ಕೆ ಹರಡಿರಬಹುದು. ಹಾಗಿದ್ದರೆ ಆ ವೃಷಣವನ್ನೂ ತೆಗೆಯಬೇಕಾಗುತ್ತದೆ.

ಇನ್ನು ಚಿಕಿತ್ಸೆ. ಮೊದಲೇ ಆಪರೇಷನ್‌ಗೆ ಅವಸರಪಡಬಾರದು. 1970ರ ದಶಕದಲ್ಲಿ ಬಳಕೆಗೆ ಬಂದ ಸಿಸ್‌ಪ್ಲಾಟಿನ್ ಔಷಧ ಈ ರೋಗದ ಹಣೆಬರಹವನ್ನೇ ಬದಲಿಸಿತು. ಎದೆ, ಹೊಟ್ಟೆಯ ಗಡ್ಡೆಗಳಿಗೆ ಇದನ್ನು ಬೇರೆ ಔಷಧಗಳೊಂದಿಗೆ ಸಾಮಾನ್ಯವಾಗಿ 21 ದಿನಗಳಿಗೊಮ್ಮೆ, 4 ಸುತ್ತು ಕೊಡುತ್ತಾರೆ. ಉಳಿದ ಗಡ್ಡೆಯನ್ನು, ಅಗತ್ಯವಿದ್ದರೆ, ಆನಂತರ ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ಸೆಮಿನೋಮಾ ಎಂಬ ಬಗೆಯಾದರೆ 10 ಜನರಲ್ಲಿ ಸುಮಾರು 9 ಮಂದಿ ಬದುಕುತ್ತಾರೆ. ಎದೆಯಲ್ಲಿ ಬರುವ ಇತರ ಬಗೆಗಳು ಕಠಿಣ. ಅವುಗಳಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳು ಉಳಿಯುತ್ತಾರೆ. ಔಷಧ ಆರಂಭಿಸುವ ಮುನ್ನ ವೀರ್ಯವನ್ನು ಶೇಖರಿಸಿಡುವ ಬಗ್ಗೆ ವೈದ್ಯರನ್ನು ಕೇಳಿ. ಮುಂದೆ ಮಕ್ಕಳಾಗುವ ಪ್ರಶ್ನೆ ಇದರಲ್ಲಿದೆ.

ಒಂದು ಸುತ್ತಿಗೇ ಉಬ್ಬಸ ಕಡಿಮೆಯಾಯಿತೆಂದು ಚಿಕಿತ್ಸೆ ಬಿಡುವುದು ಅಪಾಯ. ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಆಸ್ಪತ್ರೆಗೆ ತಡಮಾಡದೆ ಹೋಗಿ, ಪೂರ್ತಿ ಚಿಕಿತ್ಸೆ ಪಡೆಯಿರಿ. ಕ್ಯಾನ್ಸರ್ ಎಂದೊಡನೆ ಕೈಚೆಲ್ಲಿ ಕೂರುವ ಕಾಯಿಲೆ ಇದಲ್ಲ.